ನಾಲ್ಕನೆಯ ಮಹಡಿಯಿಂದ ಕಂಡ ದೋಣಿ

ಹಟ ಹಿಡಿದು ಈ ಮನೆ ಮಾಡಿಸಿದವಳು ನಾನೇ. ಕಾರವಾರದ ಕಡಲ ದಂಡೆಗೆ ಮುಖ ಮಾಡಿ ಹೊಸದಾಗಿ ಎದ್ದ ಕಟ್ಟಡ, ನಾಲ್ಕನೆಯ ಮಹಡಿ, ಬಾಡಿಗೆಗೆ. ಬೈತಖೋಲದ ನಮ್ಮ ಮನೆಯಲ್ಲಿ ಮಳೆಗಾಲ ಮುಗಿದರೂ ನೆಲ ಒಣಗುತ್ತಿರಲಿಲ್ಲ, ನನಗೆ ಸಾಕುಸಾಕಾಗಿತ್ತು. ಗಂಡ ರೋಷನ ಒಪ್ಪಿದ. ಅತ್ತೆ ದುರ್ಗಿ ಮೀನಿನ ಬುಟ್ಟಿಯ ಸಮೇತ ಲಿಫ್ಟ್ ಹತ್ತಿದರು. ಮಾವ ಕುಪ್ಪ ಮಾತ್ರ ಬಾಗಿಲಲ್ಲೇ ಹೇಳಿಬಿಟ್ಟರು: "ದಸರೆ ತನ್ಕ ಇರ್ತೆ. ಆಮೇಲೆ ನಾ ಬೈತಖೋಲಕ್ಕೆ ಹೋಗುದೇ."

ಮಾವ ಹೋದರೆ ಅತ್ತೆಯೂ ಹೋಗುತ್ತಾರೆ, ಅವರಿಬ್ಬರೂ ಹೋದರೆ ರೋಷನ ಇಲ್ಲಿ ನಿಲ್ಲುವವನಲ್ಲ. ಅಲ್ಲಿಗೆ ನನ್ನ ಮನೆಯ ಆಸೆ ಮುಗಿದ ಹಾಗೆಯೇ.

ಅವರ ವರ್ತನೆಗೆ ನನ್ನ ಮೈಯೆಲ್ಲ ಉರಿಯುತ್ತಿತ್ತು. ಎದುರಿಗೆ ಅಷ್ಟು ದೊಡ್ಡ ಸಮುದ್ರ ಇದ್ದರೂ ಬಾಲ್ಕನಿಗೆ ಬೆನ್ನು ಹಾಕಿ ಅಡುಗೆಮನೆಯ ಗೋಡೆ ನೋಡುತ್ತ ಕೂರುತ್ತಿದ್ದರು. ಎತ್ತರದ ಭಯ ಎನ್ನೋಣವೆಂದರೆ ಅದೂ ಅಲ್ಲ. ರಂಪಣಿ ಬಲೆ ಬಿಡುವವರಿಗೆ ದಂಡೆಯಿಂದ ಮೀನಿನ ಹಿಂಡು ಕಾಣುವುದಿಲ್ಲ. ಒಬ್ಬರು ಗುಡ್ಡ ಹತ್ತಿ ಕೂತು, ನೀರು ಕಪ್ಪಾದದ್ದು ಕಂಡರೆ ಕೆಂಪು ಬಟ್ಟೆ ಬೀಸಬೇಕು. ಆಗ ಕೆಳಗಿನವರು ದೋಣಿ ನೂಕುತ್ತಾರೆ. ಮಂಡಿನೋವು ಬರುವ ತನಕ ಆ ಕೆಲಸ ಮಾವನದೇ ಆಗಿತ್ತು. ಇದು ಬರೀ ಮೊಂಡುತನ, ನನ್ನನ್ನು ಸೋಲಿಸಲಿಕ್ಕೆ ಮಾಡುತ್ತಿರುವುದು ಎಂದುಕೊಂಡಿದ್ದೆ.

ಆ ಬೆಳಿಗ್ಗೆ ಅದೇ ಸಿಟ್ಟಿನಲ್ಲಿ ಹಾಸಿಗೆಯ ಚಾದರ ಎಳೆದು ತಂದು ಬಾಲ್ಕನಿಯಿಂದ ಹೊರಗೆ ಚಾಚಿ ಫಟಫಟ ಕೊಡವಿದೆ. ಹೊಸ ಚಾದರ, ಕೆಂಪು ಬಣ್ಣ. ಕೆಳಗೆ ಮರಳಿನ ಮೇಲೆ ರೋಷನನೂ ಅವನ ರಂಪಣಿಯವರೂ ಕೂತಿದ್ದರು. ನೋಡನೋಡುತ್ತಿದ್ದ ಹಾಗೆ ಎಲ್ಲರೂ ಎದ್ದು ಓಡಿ ದೋಣಿಯನ್ನು ನೀರಿಗೆ ನೂಕಿದರು. ನನ್ನ ಕೈ ಅಲ್ಲೇ ನಿಂತಿತು.

"ಮಾವ, ದೋಣಿ ಹೊರಟ್ತು."

"ಯಾರು ಬೀಸ್ದವ್ರು?"

"ನಾ ಧೂಳು ಕೊಡವ್ದೆ, ಅಷ್ಟೇ."

"ಕೆಂಪು ಚಾದರಾನಾ? ನಿಂಗೆ ತಲೆ ಸಮ ಅದ್ಯಾ ಮಾರಾಯ್ತಿ?"

ಮೊದಲ ಸಲ ಮಾವ ಬಾಲ್ಕನಿಗೆ ಬಂದರು. ಬೈಯುತ್ತಲೇ ಬಂದವರು ಕಡಲ ಕಡೆಗೆ ತಿರುಗಿದೊಡನೆ ಕಣ್ಣಿಗೆ ಕೈ ಅಡ್ಡ ಹಿಡಿದರು. "ಬಂಗಡೆ ಅದೆ. ಇವ್ರು ಹೋಗುದು ಬೇರೆ ಬದಿಗೆ." ನನ್ನ ಕೈಯಿಂದ ಚಾದರ ಕಸಿದು ಬಲಕ್ಕೆ ಉದ್ದಕ್ಕೆ ಬೀಸಿದರು. ದೋಣಿ ತಿರುಗಿತು.

ಆಗ ನನಗೂ ಕಂಡಿತು. ಒಂದು ಗದ್ದೆಯಷ್ಟು ಅಗಲದ ಕಪ್ಪು, ನೀರಿನೊಳಗೆ ತಾನೇ ನಡೆಯುತ್ತಿತ್ತು. ಒಮ್ಮೆಲೇ ಅಷ್ಟೂ ಹೊರಳಿ ಬೆಳ್ಳಗೆ ಮಿಂಚಿ ಮತ್ತೆ ಕಪ್ಪಾಯಿತು. ಹುಟ್ಟಿದಾಗಿನಿಂದ ಕಡಲ ಬದಿಯಲ್ಲೇ ಬದುಕಿ, ಅದರ ಅಂಚನ್ನಷ್ಟೇ ನೋಡಿದ್ದೆ ನಾನು. ಕೂರ್ಮಗಡ ದ್ವೀಪದ ಆಚೆಗೂ ನೀರು, ಅದರ ಆಚೆಗೂ ನೀರು, ಎಲ್ಲಿಯೂ ನಿಲ್ಲುವ ಲಕ್ಷಣವೇ ಇರಲಿಲ್ಲ.

ಅದರ ನಡುವೆ ದೋಣಿಯನ್ನು ಹುಡುಕಿದೆ. ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬರುವ ನನ್ನ ಗಂಡ, ಅಕ್ಕಿಯಲ್ಲಿ ಸಿಕ್ಕ ಕಲ್ಲಿನಷ್ಟಾಗಿದ್ದ. ಒಂದು ಅಲೆ ಎದ್ದಿತು, ದೋಣಿ ಕಾಣಲಿಲ್ಲ. ಕಂಬಿ ಹಿಡಿದು ಮುಂದಕ್ಕೆ ಬಗ್ಗಿದೆ. ಮತ್ತೆ ಕಂಡಿತು.

"ದಿನಾ ಹೀಗೇನಾ ಮಾವ?"

"ದಿನಾ ಹೀಗೇ."

ಅವರು ಚಾದರವನ್ನು ಮಡಚಿ ಹೆಗಲ ಮೇಲೆ ಹಾಕಿಕೊಂಡರು. "ಗುಡ್ಡದ ಮೇಲಿಂದ ಮೊದ್ಲು ನನ್ನ ತಮ್ಮನ್ನ ನೋಡ್ದೆ, ಆಮೇಲೆ ಮಗನ್ನ ನೋಡ್ದೆ. ಬಟ್ಟೆ ಬೀಸಿ ಕಳ್ಸುವವ ನಾನೇ ಅಲ್ದಾ. ಅಲೆಯಲ್ಲಿ ದೋಣಿ ಮುಳ್ಗಿದಂಗೆ ಕಂಡಾಗೆಲ್ಲ ಒಬ್ನೇ ಕೂತು ದೇವ್ರ ಹೆಸ್ರು ಹೇಳುದು. ನಿನ್ನತ್ತೆಗೆ ಇದೆಲ್ಲ ಒಂದಿನಾನೂ ಹೇಳ್ಲಿಲ್ಲ. ನಿಂಗೂ ಕಾಣುದು ಬ್ಯಾಡ ಅಂತ್ಲೇ ಬೈತಖೋಲಕ್ಕೆ ಹೋಗುದು ಅಂದದ್ದು."

ಅಷ್ಟು ಜಗಳಾಡಿ ಹಿಡಿದ ಮನೆ ಆ ಕ್ಷಣದಲ್ಲಿ ನನಗೆ ಬೇಡವಾಗಿತ್ತು.

"ನಾವು ಬೈತಖೋಲಕ್ಕೇ ಹೋಗ್ವ ಮಾವ."

ಕೆಳಗೆ ದೋಣಿ ಕಪ್ಪು ನೀರನ್ನು ಬಳಸಿ ಬಲೆ ಬಿಡುತ್ತ ಹೊರಟಿತ್ತು.

"ಈಗ ಎಲ್ಲಿಗೆ ಹೋದ್ರೂ ನಿನ್ನ ಕಣ್ಣೆದ್ರಿಗೆ ಅದೇ ಇರ್ತದೆ," ಎಂದರು. "ದಸರೆ ಆದ್ಮೇಲೂ ನಾ ಇಲ್ಲೇ ಇರ್ತೆ. ನೀ ಒಬ್ಳೇ ನೋಡುದು ಬ್ಯಾಡ."

ನಾನು ಸ್ವಲ್ಪ ಸರಿದು ಅವರಿಗೆ ಜಾಗ ಬಿಟ್ಟೆ.