ಬಿಡಿಸಿದ ಬಿಗಿ

ಎಣ್ಣೆ ಇನ್ನೂ ಬೆನ್ನ ಮೇಲಿದೆ, ಜೆರ್ಸಿ ಅಂಟಿಕೊಂಡಿದೆ, ಪಕ್ಕದ ಲೇನಿನವಳು ತನ್ನ ಗಾಲಿಕುರ್ಚಿಯಲ್ಲಿ ಗ್ಲೌಸು ತಟ್ಟಿಕೊಳ್ಳುತ್ತಿದ್ದಾಳೆ, ತಟ್ಟಿಕೋ ತಾಯಿ, ಇವತ್ತು ನಿನ್ನದೇ ದಿನ — ತಂಡಕ್ಕೆ ಹೋಗುವುದು ಒಬ್ಬಳೇ, ಮೊದಲು ಬಂದವಳು, ಅದು ನಾನೇ ಎಂದು ನಿನ್ನೆಯವರೆಗೂ ಎಲ್ಲರೂ ಹೇಳುತ್ತಿದ್ದರು, ಇವಳೂ ಹೇಳಿದ್ದಳು, ನಿನ್ನೆ ನನಗೊಂದು ಸೊಂಟ ಇತ್ತು. ಎದೆಯಿಂದ ಕೆಳಗೆ ನನ್ನ ಮಾತು ಕೇಳುವ ಸ್ನಾಯು ಒಂದೂ ಇಲ್ಲ, ಆದರೆ ವರ್ಷಗಟ್ಟಲೆ ಕೂತು ಕೂತು ಬೆನ್ನಿನ ಬುಡ ಬಿಗಿದು ಹಲಗೆಯಾಗಿತ್ತಲ್ಲ, ಆ ಬಿಗಿಯೇ ನನ್ನ ಆಸರೆ, ಅದನ್ನು ನೆಚ್ಚಿಕೊಂಡೇ ಚಕ್ರ ತಳ್ಳುತ್ತಿದ್ದೆ. ಬೆಳಿಗ್ಗೆ ಮಾಲೀಸಿನ ಮೇಜಿನ ಮೇಲೆ ಬೋರಲು ಮಲಗಿದ್ದೆ, ಮುಖಕ್ಕೆಂದು ಕೊರೆದ ತೂತಿನಲ್ಲಿ ಮುಖ, ಕೆಳಗೆ ಎರಡು ಜೊತೆ ಬೂಟು, ಫಿಸಿಯೋದು ಬಿಳಿ, ಅಣ್ಣನದು ಕಂದು, ಮೂತಿಗೆ ಮೂತಿ ಕೊಟ್ಟು ನಿಂತಿದ್ದವು. ಸೊಂಟ ತುಂಬಾ ಟೈಟಿದೆ ಸರ್, ಬಿಡಿಸ್ಲಾ, ಬಿಳಿ ಬೂಟು ಅಣ್ಣನನ್ನು ಕೇಳಿತು. ಬಿಡ್ಸಿ ಬಿಡ್ಸಿ, ಫೈನಲ್ ಇದೆ. ಭುಜ ಸಾಕು ಅಣ್ಣಾ, ಸೊಂಟ ಮುಟ್ಬೇಡಿ ಅಂತ ಹೇಳು — ತೂತಿನೊಳಗಿಂದ ಹೇಳಿದರೆ ನೆಲಕ್ಕೆ ಹೇಳಿದ ಹಾಗೆ. ಸುಮ್ನೆ ಮಲ್ಕೊಳ್ಳೇ, ಅವ್ರು ಓದಿರೋರು. ಓದಿದ್ದಾರೆ, ನಡೆಯುವವರ ಬೆನ್ನು ಓದಿದ್ದಾರೆ. ಬಾಯಿದ್ದವನು ಬರಗಾಲದಲ್ಲೂ ಬದುಕಿದನಂತೆ, ಕುರ್ಚಿಯಲ್ಲಿ ಕೂತವಳಿಗೆ ಬಾಯಿದೆ ಎಂದು ನಂಬುವವರು ಯಾರು, ಬಟ್ಟೆ ಅಂಗಡಿಯಲ್ಲೂ ಅಣ್ಣನನ್ನೇ ಕೇಳುತ್ತಾರೆ, ಇವ್ರಿಗೆ ಯಾವ ಬಣ್ಣ ಇಷ್ಟ, ಅಣ್ಣನೂ ಹೇಳುತ್ತಾನೆ, ನೀಲಿ, ನನಗೆ ನೀಲಿ ಕಂಡರಾಗದು, ಸಿಟ್ಟು ನೆತ್ತಿಗೇರಿದೆ, ಏರಲಿ, ಅದಾದರೂ ನನ್ನನ್ನು ನೆಟ್ಟಗೆ ಕೂರಿಸಲಿ —

ಢಂ, ಓಟದ ಗುಂಡು. ತಳ್ಳು. ಭುಜ ಬೆಣ್ಣೆಯ ಹಾಗೆ ಹೋಗುತ್ತಿದೆ, ಅದು ನಿಜ, ಆ ಪುಣ್ಯಾತ್ಮ ಭುಜದ ಕೆಲಸ ಚೆನ್ನಾಗಿಯೇ ಮಾಡಿದ್ದಾನೆ, ಆದರೆ ತಳ್ಳಿದ್ದೆಲ್ಲ ಸೊಂಟದಲ್ಲಿ ಸೋರಿಹೋಗುತ್ತಿದೆ, ಪ್ರತಿ ಸಲವೂ ಮೈ ಅತ್ತಿತ್ತ ಓಲಾಡಿ ಗಾಡಿ ಗೆರೆಯತ್ತ ಎಳೆಯುತ್ತದೆ, ತಿದ್ದು, ತಳ್ಳು, ಮತ್ತೆ ತಿದ್ದು, ಅವಳ ಬೆನ್ನು ಕಾಣುತ್ತಿದೆ, ಕಾಣಬಾರದಿತ್ತು, ಇಷ್ಟು ದಿನ ನನ್ನ ಬೆನ್ನನ್ನು ಅವಳು ನೋಡುತ್ತಿದ್ದಳು, ಹಾಳಾಗಿ ಹೋಗಲಿ, ತಳ್ಳು — ಚಪ್ಪಾಳೆ, ನನಗಲ್ಲ.

ಎದೆ ಮಂಡಿಯ ಮೇಲೆ ಕುಸಿದುಬಿದ್ದಿದೆ, ಏಳುತ್ತಿಲ್ಲ, ಎಬ್ಬಿಸುತ್ತಿದ್ದ ಬಿಗಿಯೇ ಇಲ್ಲವಲ್ಲ, ಕಾಣುವುದು ನೆಲ ಮಾತ್ರ. ಕಂದು ಬೂಟು ಓಡಿ ಬಂತು, ಅಣ್ಣಾ ಎತ್ತು, ಮೊದಲು ಎತ್ತು, ಆಮೇಲೆ ಬೈಯುತ್ತೇನೆ, ಉಸಿರು ಸಾಲದೆ ಮಾತು ಹೊರಗೆ ಬರುತ್ತಿಲ್ಲ, ಬಿಳಿ ಬೂಟೂ ಬಂತು. ಇನ್ನೂ ಸ್ವಲ್ಪ ಬಿಗಿ ಉಳ್ಕೊಂಡಿತ್ತು ಅನ್ಸುತ್ತೆ ಸರ್. ಹೌದಾ, ಹಾಗಾದ್ರೆ ನಾಳೆಯಿಂದ ದಿನಾ ಮಾಡ್ಸೋಣ. ಇಲ್ಲಿದ್ದೇನೆ, ಇಲ್ಲಿ, ಕೆಳಗೆ, ನನ್ನನ್ನು ಕೇಳಿ, ಒಂದು ಬೂಟಾದರೂ ಈ ಕಡೆ ತಿರುಗಲಿ, ಬಿಳಿ, ಕಂದು, ಮೂತಿಗೆ ಮೂತಿ, ಮೂತಿಗೆ ಮೂತಿ