ಮರಳಿಯ ಕೆಂಪು ಚುಕ್ಕಿ

ನನ್ನ ಸರದಿ ಬಂದಾಗ ದನಿ ಹೊರಡದಿದ್ದರೆ?

ಗಂಗಾವತಿಯಿಂದ ಕೊಪ್ಪಳಕ್ಕೆ ಹೊರಟ ಬಸ್ಸಿನಲ್ಲಿ, ತೊಡೆಯ ಮೇಲೆ ಡೈರಿ ಇಟ್ಟುಕೊಂಡು ಮುಬಾಶಿರಾ ಬರೆದದ್ದು ಇದೊಂದೇ ಸಾಲು. ಅಲ್ಲಿನ ಎರಡು ದಿನದ ಕಾರ್ಯಾಗಾರದಲ್ಲಿ ಎಲ್ಲರೂ ಎದ್ದು ನಿಂತು ಹೆಸರು, ಊರು ಹೇಳಬೇಕಂತೆ. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ವರ್ಷವಾಗಿತ್ತು. ಆದರೂ ನಾಲ್ಕು ಜನರ ಮುಂದೆ ಬಾಯಿ ತೆರೆಯುವುದೆಂದರೆ ಅವಳಿಗೆ ಒಣ ರೊಟ್ಟಿ ಗಂಟಲಲ್ಲಿ ನಿಂತ ಹಾಗೆ.

ಆ ಕಷ್ಟ ಬರಲಿಲ್ಲ. ಅವಳ ಸರದಿ ಬಂದಾಗ ಗುರುಬಸವ ಸರ್ ತಾವೇ ಹೇಳಿಬಿಟ್ಟರು. ಜಿಲ್ಲೆಯ ಕೂಸುಗಳ ಸಾವಿನ ಸರ್ವೇ ಕೆಲಸಕ್ಕೆ ಅವಳನ್ನು ಸೇರಿಸಿಕೊಂಡವರು ಅವರೇ.

“ಈಕಿ ಮುಬಾಶಿರಾ, ಮರಳಿಯಾಕಿ. ನಮ್ಮ ಸರ್ವೇ ಎಲ್ಲಾ ಕಂಪ್ಯೂಟರಿಗೆ ಹಾಕಿದಾಕಿ ಈಕಿನ. ಕೆಲಸ ಭಾಳ, ಮಾತು ಇಲ್ಲ. ಇಂಥಾ ಸೊಸಿ ಸಿಕ್ಕರ ಅತ್ತಿ ಪುಣ್ಯ ಮಾಡಿರಬೇಕ್ರಿ!”

ಎಲ್ಲರೂ ನಕ್ಕರು. ಅವಳೂ ನಕ್ಕು ಕೂತಳು.

ಮೊದಲ ದಿನ ಸೂತ್ರಗಳಲ್ಲೇ ಕಳೆಯಿತು. ಎರಡನೆಯ ದಿನ ಬೆಳಿಗ್ಗೆ, ಪಾಠ ಹೇಳಲು ಬಂದಿದ್ದ ದೇವೇಂದ್ರಪ್ಪ ಸರ್ ಜಿಲ್ಲೆಯ ನಕ್ಷೆಯನ್ನು ಪರದೆಯ ಮೇಲೆ ಹಾಕಿದರು. ಮೂರು ವರ್ಷಗಳಲ್ಲಿ ಹುಟ್ಟುತ್ತಲೇ ತೀರಿಕೊಂಡ ಕೂಸುಗಳ ನಕ್ಷೆ ಅದು. ಒಂದು ಕೂಸಿಗೆ ಒಂದು ಚುಕ್ಕಿ.

“ರೊಟ್ಟಿ ಹಂಚು ನೋಡೀರಲ್ಲ? ನಡುವ ಕಾದ್ರ ಅಂಚಿಗೂ ಕಾವು ಹೋಗ್ತದ. ಹಂಗ ಒಂದೂರಿನ ಸುದ್ದಿ ಪಕ್ಕದೂರಿನ ಬಗ್ಗೆನೂ ಒಂದಿಷ್ಟು ಹೇಳ್ತದ. ಈ ತಿಂಗಳದ್ದು ಮುಂದಿನ ತಿಂಗಳಿನ ಬಗ್ಗೆ ಹೇಳ್ತದ. ನಮ್ಮ ಮಾದರಿ ಮಾಡೋದು ಇಷ್ಟ.”

ಅವರು ಗುಂಡಿ ಒತ್ತಿದರು. ಚುಕ್ಕಿಗಳು ಕರಗಿ ಬಣ್ಣವಾಗಿ ಹರಡಿದವು. ಗಂಗಾವತಿಯ ಕಾಲುವೆ ಸೀಮೆ ಕೆಂಪಾಯಿತು. ಯಲಬುರ್ಗಾದ ಎರೆಹೊಲದ ಕಡೆ ಬಿಳಿಚಿಕೊಂಡು ಉಳಿಯಿತು.

“ಭತ್ತಕ್ಕ ಹೊಡಿಯೋ ಔಷಧ ಕಾಲುವಿಗೆ ಇಳೀತೈತ್ರಿ,” ಎಂದು ಹಿಂದಿನಿಂದ ಯಾರೋ ಅಂದರು.

“ಇರಬಹುದು. ನೀರಿನ ಪರೀಕ್ಷೆ, ಡಾಕ್ಟರ ತಂಡ ಮೊದಲು ಅಲ್ಲಿಗೇ ಹೋಗಲಿ ಅಂತ ಇವತ್ತು ಸಂಜಿ ವರದಿ ಕೊಡ್ತೀವಿ. ಯಲಬುರ್ಗಾ ಕಡೆ ಸದ್ಯ ಅವಸರ ಇಲ್ಲ.”

ಮುಬಾಶಿರಾ ಆ ಕೆಂಪಿನೊಳಗೆ ತನ್ನ ಊರನ್ನು ಹುಡುಕಿದಳು.

ಕಾಲುವೆ ಸೀಮೆಯ ಆ ಊರು, ಮರಳಿಯಲ್ಲಿ, ಇದ್ದದ್ದು ಒಂದೇ ಚುಕ್ಕಿ. ಅದು ಅವಳ ಅಕ್ಕ ಶಮಾಳ ಕೂಸು. ಶಮಾಳನ್ನು ಯಲಬುರ್ಗಾ ತಾಲೂಕಿನ ಕಡ್ಲಿಗೇರಿಗೆ ಕೊಟ್ಟಿದ್ದರು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂದು ಏಳು ತಿಂಗಳು ತುಂಬಿದ ಮೇಲೆ ಕರೆತಂದರು. ಬಂದು ಇಪ್ಪತ್ತು ದಿನಕ್ಕೇ ನೋವು ಕಾಣಿಸಿಕೊಂಡಿತು. ಹೆಣ್ಣುಕೂಸು, ಅಳಲೇ ಇಲ್ಲ. ಅಪ್ಪ ಮಕ್ಬುಲಸಾಬ ಬಿಳಿ ಬಟ್ಟೆಯಲ್ಲಿ ಸುತ್ತಿದ್ದ ಅದನ್ನು ಎರಡು ಅಂಗೈಯಲ್ಲೇ ಎತ್ತಿಕೊಂಡು ಖಬರಸ್ತಾನಕ್ಕೆ ಹೋಗಿದ್ದ.

ಸರ್ವೇ ಫಾರಮಿನಲ್ಲಿ ಊರಿನ ಹೆಸರು ತುಂಬಲು ಇದ್ದದ್ದು ಒಂದೇ ಚೌಕ. “ಕೂಸು ಎಲ್ಲಿ ಸತ್ತಿತೋ ಅದ ಊರು, ಭಾಳ ತಲಿ ಕೆಡಿಸ್ಕೋಬ್ಯಾಡ,” ಎಂದಿದ್ದರು ಗುರುಬಸವ ಸರ್. ಅವಳು ಕೆಡಿಸಿಕೊಳ್ಳಲಿಲ್ಲ. ಅಕ್ಕನ ಕೂಸಿನ ಮುಂದೆಯೂ ತನ್ನ ಕೈಯಾರೆ ‘ಮರಳಿ’ ಎಂದು ಒತ್ತಿದ್ದಳು. ಆದರೆ ಕೂಸು ಕಳೆದುಕೊಂಡ ತಾಯಂದಿರನ್ನು ಬರೀ ನಂಬರು ಮಾಡಿ ಬಿಡಲು ಮನಸ್ಸೊಪ್ಪದೆ, ಆಸ್ಪತ್ರೆಯ ತಾಯಿ ಕಾರ್ಡಿನಲ್ಲಿದ್ದ ಹೆಸರನ್ನೂ ಗಂಡನ ಊರನ್ನೂ ದಿನವೂ ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದಳು.

ಬೆಂಚಿನ ಕೆಳಗೆ ಡೈರಿ ತೆರೆದು ಎಣಿಸಿದಳು. ಕಾಲುವೆ ಸೀಮೆಯಲ್ಲಿ ಕೂಸು ಕಳೆದುಕೊಂಡವರು ಹನ್ನೊಂದು ಮಂದಿ. ಅವರಲ್ಲಿ ಎಂಟು ಮಂದಿ ಹೆರಿಗೆಗೆ ತವರಿಗೆ ಬಂದವರು. ಎಂಟೂ ಮಂದಿಯ ಗಂಡನ ಮನೆ ಕಡ್ಲಿಗೇರಿ, ಇಲ್ಲವೇ ಅದರ ಸುತ್ತಲಿನ ಊರು.

ಅಲ್ಲಿ ಏನಿದೆಯೋ ಅವಳಿಗೆ ಗೊತ್ತಿರಲಿಲ್ಲ. ಬೋರಿನ ನೀರೋ, ಮತ್ತೇನೋ. ಬಸಿರನ್ನು ಹೊತ್ತದ್ದು ಅಲ್ಲಿ, ಬರಿದಾದದ್ದು ಇಲ್ಲಿ. ನಕ್ಷೆಗೆ ಕಂಡದ್ದು ಇಲ್ಲಿಯದಷ್ಟೇ.

ಊಟದ ಹೊತ್ತಿಗೆ ಶಮಾಳ ಫೋನು ಬಂತು. ಈಗ ಮತ್ತೆ ಅವಳಿಗೆ ಮೂರು ತಿಂಗಳು. ಹಬ್ಬಕ್ಕೆ ಬಂದವಳು ಗಂಡನ ಮನೆಗೆ ತಿರುಗಿ ಹೋಗಿರಲಿಲ್ಲ.

“ನಾಳೆ ಅತ್ತಿ ಕರಿಯಾಕ ಬರ್ತಾಳಂತ. ‘ನಿಮ್ಮೂರ ನೀರು ಒಂದು ಕೂಸು ತಿಂತು, ಇನ್ನೊಂದು ತಿನ್ನಾಕ ಬಿಡೂದಿಲ್ಲ’ ಅಂತಾಳ. ಆಕಿ ಮಗ ವಾಹೀದನೂ ಹೂಂ ಅಂತಾನ. ನೀ ಓದಿದಾಕಿ, ಅಲ್ಲಿ ಏನಂದ್ರು ಹೇಳ. ಖರೇನ ನಮ್ಮ ನೀರಾಗ ಐತೇನು?”

“ಇನ್ನೂ... ಏನೂ ಹೇಳಿಲ್ಲ ಆಪಾ.”

“ಹೇಳಿದ ಕೂಡ್ಲೇ ಹೇಳು. ಅದನ್ನ ಕೇಳಿ ಅವರ ಬಾಯಿ ಮುಚ್ಚಸ್ತೀನಿ. ಅಮ್ಮಿ ಸುಮ್ನ ಅಳಕೋತ ಕುಂತಾಳ.”

ಫೋನಿಟ್ಟು, ಡೈರಿ ಹಿಡಿದು ಗುರುಬಸವ ಸರ್ ಹತ್ತಿರ ಹೋದಳು. ಅವರು ಅನ್ನಸಾರು ಕಲಸುತ್ತಿದ್ದರು. ತುಂಡು ತುಂಡಾಗಿ, ಉಸಿರಿನಲ್ಲೇ ಹೇಳಿದಳು.

“ಇದನ್ನ ಮೂರು ತಿಂಗಳ ಹಿಂದ, ಫಾರಮು ತುಂಬೂವಾಗ ಹೇಳಬೇಕಿತ್ತಲ್ಲವ್ವಾ?”

“ಹೌದ್ರಿ ಸರ್.”

“ಈಗ ಎಲ್ಲಾ ತಿದ್ದೂದಂದ್ರ ಕೆಲಸ ಹೊಳ್ಳಿ ಮೊದಲಿಂದ. ಸಂಜಿಗೆ ವರದಿ ಹೋಗಬೇಕು. ಎಂಟು ಕೂಸಿಗೆ ಇಡೀ ಜಿಲ್ಲಾ ನಕ್ಷಿ ಹರದು ಹಾಕೂದೇನು? ಹೋಗು, ಊಟ ಮಾಡು.”

ಎಂಟು ಕೂಸಿಗೆ. ಅವಳು ತಟ್ಟೆ ಹಿಡಿಯದೆ ತನ್ನ ಬೆಂಚಿಗೆ ಹೋಗಿ ಕೂತಳು.

ಮಧ್ಯಾಹ್ನ ದೇವೇಂದ್ರಪ್ಪ ಸರ್ ಮತ್ತೆ ನಕ್ಷೆ ತೋರಿಸಿದರು. ಈ ಸಲ ಮುಂದಿನ ವರ್ಷದ ಅಂದಾಜು. ಕಾಲುವೆ ಸೀಮೆ ಇನ್ನಷ್ಟು ಕೆಂಪು. ಕಡ್ಲಿಗೇರಿ ಹಾಲಿನಂತೆ ಬಿಳಿ, ನಾಳೆ ಅಕ್ಕ ಬಸ್ಸಿಳಿಯಬೇಕಾದ ಊರು.

“ಯಾರದರ ಪ್ರಶ್ನೆ? ಇಲ್ಲಂದ್ರ ಚಹಾ ಕುಡಿಯೂಣು.”

ಕುರ್ಚಿಗಳು ಸರಿದವು. ಮುಬಾಶಿರಾ ಎದ್ದು ನಿಂತಳು. ಅವಳೂ ಚಹಾಕ್ಕೇ ಎದ್ದಳೆಂದು ಪಕ್ಕದವಳು ದಾರಿ ಬಿಟ್ಟಳು. ಅವಳು ಹೋಗಲಿಲ್ಲ. ದೇವೇಂದ್ರಪ್ಪ ಸರ್ ಕನ್ನಡಕ ಏರಿಸಿ ನೋಡಿದರು.

“ಏನವಾ?”

ಗುರುಬಸವ ಸರ್ ಕೂತಲ್ಲಿಂದಲೇ ಬೇಡವೆಂದು ಕೈ ಆಡಿಸಿದರು. ಗಂಟಲಲ್ಲಿ ಅದೇ ರೊಟ್ಟಿ. ಡೈರಿಯನ್ನು ಎದೆಗೆ ಒತ್ತಿಕೊಂಡಳು.

“ಸರ್, ಮರಳಿದು ಆ ಚುಕ್ಕಿ... ನಮ್ಮಕ್ಕನ ಕೂಸ್ರಿ. ಏಳು ತಿಂಗಳು ಅದು ಹೊಟ್ಟ್ಯಾಗ ಬೆಳದದ್ದು ಕಡ್ಲಿಗೇರ್ಯಾಗ. ಗೊತ್ತಿದ್ದೂ ಮರಳಿ ಅಂತ ಬರದಾಕಿ ನಾನ.”