ಪೂರ್ಣ ಅವಲಂಬಿತ

"ಉಚ್ಚೆ ಗಿಚ್ಚೆ ಬಂದ್ರೆ ಹೇಳ್ತದಾ ಇದು?"

ಸಾಹೇಬ ಪೆನ್ನಿನ ತುದಿಯಿಂದ ನನ್ನ ಮಗನನ್ನು ತೋರಿಸಿ ಕೇಳಿದ. ಮೀಸೆ ಬಂದ ಗಂಡಸು ನನ್ನ ಮಗ. 'ಇದು' ಎಂದದ್ದು ಅವನಿಗೂ ಕೇಳಿಸಿತು.

"ಇಲ್ಲ ಸಾರ್, ಗೊತ್ತಾಗಲ್ಲ," ಎಂದೆ. ನನ್ನ ನಾಲಿಗೆ ಸೇದಿಹೋಗಬಾರದಿತ್ತೇ!

ಬೆಳಿಗ್ಗೆ ಅವನು ನೆಟ್ಟಗೆ ಹಾಕಿಕೊಂಡಿದ್ದ ಅಂಗಿಯ ಗುಂಡಿಗಳನ್ನು ಬಿಚ್ಚಿ, ಅಡ್ಡಾದಿಡ್ಡಿ ಹಾಕಿ ಕರೆತಂದವಳೂ ನಾನೇ. "ಯಾಕಮ್ಮಾ?" ಎಂದಿದ್ದ. "ಏನೂ ಬರದೋರ್ನೇ ಕಣಪ್ಪಾ ಅವ್ರು ಸೇರಿಸ್ಕೊಳ್ಳೋದು," ಎಂದಿದ್ದೆ. ತಲೆಯಾಡಿಸಿದ್ದ.

ಬುದ್ಧಿ ನಿಧಾನವಾಗಿರುವ ಇಂಥವರನ್ನು ಹಗಲೆಲ್ಲ ನೋಡಿಕೊಳ್ಳುವ ಸರ್ಕಾರಿ ಕೇಂದ್ರವೊಂದಿದೆ. ಅಲ್ಲಿ ಅವನಿಗೆ ಗೆಳೆಯರಿದ್ದರು. ಸೀಟು ಮುಂದುವರಿಸಲು ವರ್ಷಕ್ಕೊಮ್ಮೆ ಈ ಕಚೇರಿಯಲ್ಲಿ ತಪಾಸಣೆ; ಹೋದ ವರ್ಷ ಇದೇ ಸಾಹೇಬನ ಮುಂದೆ ಬಾಯ್ತುಂಬ ಹೊಗಳಿಕೊಂಡೆ: ತಾನೇ ಸ್ನಾನ ಮಾಡ್ತಾನೆ, ಟೀ ಕಾಯಿಸ್ತಾನೆ ಸಾರ್! "ಭೇಷ್, ಸ್ವಾವಲಂಬಿ," ಎಂದು ಬರೆದುಕೊಂಡ. ನಾನು ಉಬ್ಬಿಹೋದೆ. ಮರುವಾರ ಕೇಂದ್ರದವರು ಗೇಟಿನಲ್ಲೇ ತಡೆದರು, ಸೀಟು ರದ್ದಂತೆ. ನಾನು ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳಿದ್ದಾಳೆ, ಅವಳ ತಮ್ಮನೂ ಇಂಥವನೇ. ಅವಳು ಬಿಡಿಸಿ ಹೇಳಿದಳು.

"ಅಯ್ಯೋ ಪೆದ್ದಿ, ಅದೇನ್ ಹೊಗಳಿಕೆ ಅಂದ್ಕೊಂಡ್ಯಾ? ಸ್ವಾವಲಂಬಿ ಅಂದ್ರೆ ಇನ್ ನಿಮ್ ಹಣೆಬರ ನೀವೇ ನೋಡ್ಕೊಳ್ಳಿ ಅಂತ. ಪೂರ್ಣ ಅವಲಂಬಿತ ಅಂತ ಬರೆಸ್ಕೋಬೇಕಿತ್ತು ಕಣೇ."

ಅಂದಿನಿಂದ ಮಗನನ್ನು ಕೋಣೆಯಲ್ಲಿ ಬಿಟ್ಟು, ಹೊರಗಿನಿಂದ ಬೀಗ ಜಡಿದು ಕೆಲಸಕ್ಕೆ ಹೋಗುತ್ತೇನೆ. ಸಂಜೆ ಬಂದರೆ ಬಾಗಿಲ ಹಿಂದೆಯೇ ಕೂತಿರುತ್ತಾನೆ.

"ಹೋದ್ಸಲ ಟೀ ಕಾಯಿಸ್ತಿದ್ದೋನು ಈಗ ಉಚ್ಚೇನೂ ಅರಿಯದ ಕೂಸಾದ್ನಾ?" ಸಾಹೇಬ ನಕ್ಕ. "ಸೀಟಿಗೋಸ್ಕರ ಹೆತ್ತ ಮಗನ್ನೇ ಹುಚ್ಚ ಮಾಡ್ತೀಯಲ್ಲೇ, ನಾಚ್ಕೆ ಆಗಲ್ವಾ ನಿನ್ ಜನ್ಮಕ್ಕೆ?"

ಪಕ್ಕದ ಗುಮಾಸ್ತನೂ ಕಿಸಕ್ಕೆಂದ.

ಆಗುತ್ತಿತ್ತು. ಮೈಯೆಲ್ಲ ನಾಚಿಕೆಯಾಗುತ್ತಿತ್ತು. ಮಗನ ಮುಖ ನೋಡಲಾರದೆ ನೆಲ ನೋಡುತ್ತಿದ್ದೆ. ಆ ನೆಲದ ಮೇಲೆ, ಅವನ ಚಪ್ಪಲಿಯ ಸುತ್ತ ಒದ್ದೆ ಹರಡತೊಡಗಿತು. ಬುದ್ಧಿ ತಿಳಿದಾಗಿನಿಂದ ಒಂದು ದಿನವೂ ಹೀಗೆ ಮಾಡಿಕೊಂಡವನಲ್ಲ.

"ಥೂ! ಬೇವಾರ್ಸಿಗಳು! ಎಬ್ಬಿಸ್ಕೊಂಡ್ ಹೋಗೇ ಆಚೆಗೆ!" ಸಾಹೇಬ ಕಾಲು ಮೇಲೆತ್ತಿಕೊಂಡ. "ಬರ್ಕೊಳಯ್ಯಾ, ಪೂರ್ಣ ಅವಲಂಬಿತ."

ಮಗ ನನ್ನ ಕಿವಿಯತ್ತ ಬಾಗಿದ. ಅವನಿಗೆ ಪಿಸುಗುಟ್ಟಲು ಬರುವುದಿಲ್ಲ, ಕೋಣೆಗೆಲ್ಲ ಕೇಳಿಸಿತು.

"ಸರಿಯಾಗ್ ಮಾಡಿದ್ನಾ ಅಮ್ಮಾ?"

ಗುಮಾಸ್ತನ ಪೆನ್ನು ನಿಂತಿತು.

ನಾನೆದ್ದೆ. ಸಾಹೇಬನ ಕುರ್ಚಿಗೆ ಹೊದಿಸಿದ್ದ ಬಿಳಿ ಟವೆಲನ್ನು ಅವನ ಬೆನ್ನ ಹಿಂದಿನಿಂದ ಎಳೆದುಕೊಂಡೆ. ಮಗನ ಕಾಲು ಒರೆಸಿದೆ, ನೆಲ ಒರೆಸಿದೆ. ಒದ್ದೆ ಟವೆಲನ್ನು ಮೇಜಿನ ಮೇಲೆ, ಸಾಹೇಬನ ಕೈ ಪಕ್ಕದಲ್ಲೇ ಇಟ್ಟೆ.

"ನನ್ ಮಗ ಎಲ್ಲಾ ಬಲ್ಲ ಸಾರ್. ಸುಳ್ಳು ನಂದು. ಬೀಗದೊಳಗೆ ಒಬ್ನೇ ಇರೋದೊಂದ್ ಅವನ ಕೈಲಿ ಆಗಲ್ಲ. ಅದಕ್ಕೇನಂತೀರೋ ಅದನ್ನ ಬರ್ಕೊಳ್ಳಿ."

ಯಾರೂ ಬರೆಯಲಿಲ್ಲ. ನಾನು ಮತ್ತೆ ಮಗನ ಪಕ್ಕ ಕೂತೆ.

"ಮುಂದಿನೋರು ಬನ್ರೀ," ಎಂದು ಗುಮಾಸ್ತ ಬಾಗಿಲಿನತ್ತ ಕೂಗಿದ. ನಾವು ಏಳಲಿಲ್ಲ.